ಆ ಶ್ರಾವಣದ ಉಪ್ಪಿಲ್ಲದ ಶನಿವಾರ

ಇವತ್ತು ಎದ್ದ ಕೂಡಲೇ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಕಾವೇರಿ ನೀರು ಬರುವ ದಿನ, ಸಂಪು ತುಂಬಿಸಿ ಮೋಟರ್ ಹಾಕಿದೆ. ಹೆಸರುಕಾಳು ನೆನೆಹಾಕಿದೆ. ಮಿಲ್ಲಿನ ಷಟರ್ ಎತ್ತಿ, ಕಸ ಹೊಡೆದು, ಹಿಂದಿನ ರಸ್ತೆಯವರ ರಾಗಿ, ಇನ್ನೊಬ್ಬರ ಗೋಧಿ ಬೀಸಿಕೊಟ್ಟೆ. ಹಾಲಿನವಳ ಹತ್ತಿರ ಎರಡು ಮಾತಾಡಿದೆ. ತೊಗರಿಬೇಳೆಗೆ ಹುಳ ಬಂದಿತ್ತು, ಬಿಸಿಲಿಗೆ ಹರವಿದೆ. ಮಧ್ಯಾಹ್ನ ಮೇಲಿನ ಮನೆಯ ರೇಣುಕಾಳ ಜೊತೆ ಆಸ್ಪತ್ರೆಗೆ ಹೋದೆ. ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡಿದ್ದಳು, ಪ್ಲಾಸ್ಟರ್ ಬಿಚ್ಚಿಸಬೇಕಿತ್ತು. ಅವಳ ಗಂಡನಿಗೆ ರಜೆ ಸಿಕ್ಕಿರಲಿಲ್ಲ.

ಜಯನಗರದ ಕಡೆಯ ಅದೇ ದೊಡ್ಡ ಆಸ್ಪತ್ರೆ. ಒಳಗೆ ಹೋಗುವ ಬಾಗಿಲಲ್ಲಿ ಸೆಕ್ಯುರಿಟಿಯವನು ಬಾಟಲಿ ಒತ್ತಿ ಅಂಗೈಗೆ ಸ್ಯಾನಿಟೈಸರ್ ಹಾಕಿದ. ಆ ತಣ್ಣನೆಯದು ಕೈಗೆ ತಾಗಿ, ವಾಸನೆ ಮೂಗಿಗೆ ಹತ್ತಿದ್ದೇ ತಡ, ನನ್ನ ಕಾಲು ತಾನಾಗಿ ಎಡಕ್ಕೆ, ಲಿಫ್ಟಿನ ಕಡೆ ತಿರುಗಿತು. ರೇಣುಕಾ ಸೆರಗು ಹಿಡಿದು ಎಳೆದಳು.

"ಅಕ್ಕಾರ, ಆ ಕಡೆ ಅಲ್ರಿ. ಎಲುಬಿನ ಡಾಕ್ಟರ್ ಈ ಕಡೆ ಅದಾರ."

ಎಡಗಡೆ ಇದ್ದದ್ದು ಕ್ಯಾನ್ಸರ್ ವಾರ್ಡು. ಶ್ರಾವಣದಿಂದ ಸಂಕ್ರಾಂತಿಯವರೆಗೆ ನಾನು ಆ ದಾರಿಯಲ್ಲಿ ಓಡಾಡಿದ್ದೆ. ರೇಣುಕಾಳ ಸರದಿ ಬರುವವರೆಗೆ ಬೆಂಚಿನ ಮೇಲೆ ಕೂತು ಅಂಗೈ ಮೂಸುತ್ತಾ ಇದ್ದೆ. ಆ ವರ್ಷವೆಲ್ಲಾ ಆ ವಾಸನೆಯೊಳಗಿಂದಲೇ ಎದ್ದು ಬಂತು.

ನಮ್ಮವರ ಹೆಸರು ಚಂದ್ರಪ್ಪ. ವಸಂತಪುರ ಇನ್ನೂ ಹಳ್ಳಿಯಾಗಿದ್ದಾಗ ಇವರ ಅಪ್ಪನಿಗೆ ಇಲ್ಲಿ ರಾಗಿ ಹೊಲವಿತ್ತು. ಹೊಲವೆಲ್ಲ ಲೇಔಟ್ ಆಯಿತು. ಉಳಿದ ಸೈಟಿನಲ್ಲಿ ನಮ್ಮ ಮನೆ, ಮೇಲೆ ಬಾಡಿಗೆ ಮನೆ, ರಸ್ತೆಗೆ ಮುಖ ಮಾಡಿ ಹಿಟ್ಟಿನ ಮಿಲ್ಲು. ಬೆಳೆಯುವುದು ನಿಂತರೂ ಬೀಸುವುದಾದರೂ ಇರಲಿ ಎಂದು ಇವರೇ ಹಟ ಹಿಡಿದು ಹಾಕಿಸಿದ್ದು. ನಮಗೆ ಮಕ್ಕಳಿಲ್ಲ. ಇವರಿಗೆ ಇದ್ದವರು ಒಬ್ಬರೇ ಅಕ್ಕ, ಲಕ್ಕಮ್ಮ. ಸುಬ್ರಹ್ಮಣ್ಯಪುರಕ್ಕೆ ಕೊಟ್ಟಿದ್ದರು. ತಾಯಿ ಬೇಗ ಹೋದ ಮನೆಯಲ್ಲಿ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಬೆಳೆಸಿದ ಹೆಂಗಸು. ನನಗೆ ಅವರು ಅತ್ತಿಗೆ, ಹೆಚ್ಚುಕಮ್ಮಿ ಅತ್ತೆಯೂ ಹೌದು.

ಆ ವರ್ಷ ಬೇಸಿಗೆಯಲ್ಲಿ ಇವರಿಗೆ ಸುಸ್ತು ಶುರುವಾಯಿತು. ಗೋಧಿ ಡಬ್ಬ ಎತ್ತಿ ಸುರಿಯುವಷ್ಟರಲ್ಲಿ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಊಟ ಸೇರುತ್ತಿರಲಿಲ್ಲ, ಪ್ಯಾಂಟು ಸಡಿಲವಾಯಿತು. ಉಪ್ಪಿನ ಮೇಲೆ ಮಾತ್ರ ವಿಪರೀತ ಆಸೆ. ನಾನು ಏನು ಮಾಡಿದರೂ "ಉಪ್ಪು ಸಾಲ್ದು ಕಣೆ" ಅನ್ನುವುದು, ಅಡುಗೆಮನೆಯಲ್ಲಿ ನಿಂತು ಅಂಗೈಗೆ ಕಲ್ಲುಪ್ಪು ಸುರಿದುಕೊಂಡು ಕಡಲೆ ತಿಂದ ಹಾಗೆ ತಿನ್ನುವುದು. ಹತ್ತಿರದ ಕ್ಲಿನಿಕ್ಕಿನಲ್ಲಿ ಸಕ್ಕರೆ ಪರೀಕ್ಷೆ ಮಾಡಿ, ಏನೂ ಇಲ್ಲ ಎಂದು ಟಾನಿಕ್ ಬರೆದುಕೊಟ್ಟರು.

ಮೈ ಕಪ್ಪಾಗುತ್ತಿದ್ದುದು ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಬೆಳಗಿನಿಂದ ಸಂಜೆವರೆಗೆ ಮುಖಕ್ಕೆ ಹಿಟ್ಟು ಮೆತ್ತಿಕೊಂಡಿರುವ ಮನುಷ್ಯ, ಹುಬ್ಬು ಮೀಸೆಯೆಲ್ಲಾ ಬೆಳ್ಳಗೆ. ಅವರ ಬಣ್ಣ ಯಾರಿಗೆ ಗೊತ್ತಾಗಬೇಕು? ಆಷಾಢದ ಒಂದು ಭಾನುವಾರ ಎಣ್ಣೆ ಸ್ನಾನ ಮಾಡಿ ಪಂಚೆ ಉಟ್ಟು ಹೊರಗೆ ಬಂದಾಗ ಅತ್ತಿಗೆ ಜಗಲಿಯ ಮೇಲೆ ಕೂತಿದ್ದರು.

"ಲೋ ಚಂದ್ರ, ಏನೋ ಇದು? ಬಾಣ್ಲಿ ತಳ ಆಗೋಗಿದೀಯಲ್ಲೋ!"

"ನಿನ್ ತಮ್ಮ ಯಾವತ್ತು ಹಾಲ್‌ಬಿಳುಪು ಇದ್ದ ಹೇಳು?" ಎಂದು ಇವರು ನಕ್ಕರು.

ಅತ್ತಿಗೆ ನಗಲಿಲ್ಲ. ಬೆಳಕಿಗೆ ನಿಲ್ಲಿಸಿ ತುಟಿ, ಕತ್ತು, ಮೊಣಕೈ ನೋಡಿದರು. ಆಮೇಲೆ ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು. "ಸರೋಜ, ಇದು ಶನಿ ಕಣಮ್ಮ. ಸಾಡೇಸಾತಿ. ಮೈ ಕರ‍್ರಗಾಗದು, ಕಾಲು ಸೋಲದು, ಅನ್ನ ಸೇರ್ದೆ ಇರದು, ಎಲ್ಲಾ ಅವಂದೇ ಗುರ್ತು. ಶ್ರಾವಣ ಶನಿವಾರ ಹಿಡ್ಸು. ಒಂದೊತ್ತು ಊಟ, ಉಪ್ಪು ಮುಟ್ಟಬಾರ್ದು. ಎಳ್ಳೆಣ್ಣೆ ದೀಪ ನಾನು ಹಚ್ತೀನಿ."

ನಮ್ಮ ಕಡೆ ಶ್ರಾವಣ ಶನಿವಾರ ಎಲ್ಲರ ಮನೆಯಲ್ಲೂ ಮಾಡುವಂಥದ್ದೇ. ಕಷ್ಟ ಬಂದವರು ಉಪ್ಪು ಬಿಟ್ಟು ಮಾಡುತ್ತಾರೆ. ಇವರಿಗೆ ದೇವರಿಗಿಂತ ಅಕ್ಕನ ಮಾತು ದೊಡ್ಡದು, ಒಪ್ಪಿಕೊಂಡರು. ಮೊದಲ ಶನಿವಾರ ಸಪ್ಪೆ ಅನ್ನ, ಹಾಲು, ಬಾಳೆಹಣ್ಣು ತಿಂದು ಸಂಜೆಗೆ ವಾಂತಿ ಮಾಡಿದರು. ಖಾಲಿ ಹೊಟ್ಟೆಗೆ ಪಿತ್ತ ಅಂದುಕೊಂಡೆವು. ಎರಡನೆಯ ಶನಿವಾರ ದೇವಸ್ಥಾನದ ಸಾಲಿನಲ್ಲಿ ನಿಂತಿದ್ದವರು, ಮುಂದಿನವರ ಹೆಗಲು ಹಿಡಿಯಲು ಕೈ ಚಾಚಿ, ಅದು ಸಿಗದೆ ಹಾಗೇ ಕುಸಿದರು. ಜಿಟಿಜಿಟಿ ಮಳೆ. ಅತ್ತಿಗೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಲ್ಲಿ ಮುಖ ಒರೆಸುತ್ತಾ "ಚಂದ್ರ, ಚಂದ್ರ" ಎನ್ನುತ್ತಿದ್ದರು. ಯಾರೋ ಪುಣ್ಯಾತ್ಮರು ತಮ್ಮ ಕಾರಿನಲ್ಲಿ ಹಾಕಿಕೊಂಡು ಆ ಆಸ್ಪತ್ರೆಗೆ ಮುಟ್ಟಿಸಿದರು.

ಎಮರ್ಜೆನ್ಸಿಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಬಿ.ಪಿ. ಕೈಗೇ ಸಿಗುತ್ತಿಲ್ಲ ಎಂದು ಬಾಟಲಿ ಮೇಲೆ ಬಾಟಲಿ ಹಾಕಿಸಿದರು. ಇವರು ಕಣ್ಣು ಬಿಟ್ಟ ಮೇಲೆ ಅಂಗೈ ಬಿಡಿಸಿ ಗೆರೆಗಳನ್ನು ನೋಡಿದರು. ಗೆರೆಗಳು ಮಸಿಯಲ್ಲಿ ಬರೆದಂತಿದ್ದವು. ಬಾಯಿ ತೆಗೆಸಿ ವಸಡು ನೋಡಿದರು.

"ಅಂಕಲ್, ಉಪ್ಪು ತಿನ್ಬೇಕು ಅಂತ ತುಂಬಾ ಆಸೆ ಆಗುತ್ತಾ?"

"ಆಗುತ್ತೆ ಮೇಡಂ. ಆದ್ರೆ ಇವತ್ತು ಶನಿವಾರ" ಎಂದರು ಇವರು.

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನಾನು ವ್ರತದ ವಿಷಯ ಹೇಳಿದೆ. ಅವರು ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಕಿಡ್ನಿ ಮೇಲೆ ಟೋಪಿ ಥರ ಎರಡು ಗ್ರಂಥಿ ಇರುತ್ತಮ್ಮ. ಮೈಯಲ್ಲಿ ಉಪ್ಪು ಉಳಿಸೋದು, ಬಿ.ಪಿ. ಹಿಡಿಯೋದು ಅವುಗಳ ಕೆಲಸ. ಇವರಿಗೆ ಅವು ಕೆಲಸ ಮಾಡ್ತಿಲ್ಲ ಅನ್ಸುತ್ತೆ, ಮೈ ಕಪ್ಪಾಗಿರೋದೂ ಅದಕ್ಕೇ. ಇಂಥವರು ಉಪ್ಪು ಬಿಟ್ರೆ ಜೀವಕ್ಕೇ ಅಪಾಯ" ಎಂದರು.

ಅತ್ತಿಗೆ ನನ್ನ ಹಿಂದೆಯೇ ಪರದೆ ಹಿಡಿದು ನಿಂತಿದ್ದರು. ಪ್ರಸಾದದ ಪೊಟ್ಟಣ ಇನ್ನೂ ಕೈಯಲ್ಲೇ ಇತ್ತು. ನಾನು ತಿರುಗಿ ನೋಡುವಷ್ಟರಲ್ಲಿ ಅವರು ಇರಲಿಲ್ಲ. ಅಂದು ಹೋದವರು ಆಸ್ಪತ್ರೆಯ ಕಡೆ ಮತ್ತೆ ಬರಲಿಲ್ಲ.

ಆ ಗ್ರಂಥಿಗಳು ಮಾಡಬೇಕಿದ್ದ ಕೆಲಸಕ್ಕೆ ಬದಲಾಗಿ ಸ್ಟೀರಾಯ್ಡ್ ಸೂಜಿ ಬಿದ್ದ ಮೇಲೆ ಇವರು ಎರಡು ದಿನದಲ್ಲಿ ಎದ್ದು ಕೂತರು. ಇಡ್ಲಿ ತಿಂದರು, ನರ್ಸಮ್ಮನಿಗೆ ತಮಾಷೆ ಮಾಡಿದರು. ಅಲ್ಲಿಗೇ ಮುಗಿಯಿತೆಂದು ನಾನು ಅಂದುಕೊಂಡೆ. ಸ್ಕ್ಯಾನಿನಲ್ಲಿ ಎರಡೂ ಗ್ರಂಥಿಗಳು ಗಡ್ಡೆ ಕಟ್ಟಿ ನಿಂಬೆಹಣ್ಣಿಗಿಂತ ದೊಡ್ಡವಾಗಿದ್ದವು. ಹೀಗೆ ಎರಡೂ ಕಡೆ ಊದಿದರೆ ನಮ್ಮಲ್ಲಿ ಮೊದಲು ಟಿ.ಬಿ. ಅನುಮಾನ ಪಡುತ್ತಾರಂತೆ, ಅದಾದರೆ ಮಾತ್ರೆಯಲ್ಲಿ ವಾಸಿ, ಅಲ್ಲದಿದ್ದರೆ ಕ್ಯಾನ್ಸರು ಇರಬಹುದು ಎಂದರು. ಬೆನ್ನಿನ ಕಡೆಯಿಂದ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಗೌರಿ ಹಬ್ಬದ ವಾರ. ಊರಿನ ಹೆಂಗಸರೆಲ್ಲ ಬಾಗಿನ ಕೊಡುತ್ತಿದ್ದಾಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ದೇವರೇ, ಟಿ.ಬಿ. ಆಗಲಿ, ಟಿ.ಬಿ. ಕೊಡಪ್ಪ ಎಂದು ಬೇಡಿಕೊಳ್ಳುತ್ತಿದ್ದೆ. ಗಂಡನಿಗೆ ಟಿ.ಬಿ. ಬರಲೆಂದು ಹರಕೆ ಹೊತ್ತವಳು ಆ ಹಬ್ಬದಲ್ಲಿ ನಾನೊಬ್ಬಳೇ ಇರಬೇಕು.

ಅದು ಟಿ.ಬಿ. ಆಗಿರಲಿಲ್ಲ. ಲಿಂಫೋಮ. ರಕ್ತದ ಬಿಳಿಕಣಗಳಲ್ಲಿ ಹುಟ್ಟುವ ಕ್ಯಾನ್ಸರು, ಸಾಮಾನ್ಯವಾಗಿ ಕತ್ತಿನಲ್ಲೋ ಕಂಕುಳಲ್ಲೋ ಗಂಟಾಗಿ ಕಾಣಿಸಿಕೊಳ್ಳುವಂಥದ್ದು. ಆ ಗ್ರಂಥಿಗಳಲ್ಲೇ ಹುಟ್ಟುವುದು ಬಹಳ ಅಪರೂಪ. ಕ್ಯಾನ್ಸರ್ ಡಾಕ್ಟರು ನೆರೆತ ಕೂದಲಿನ ನಿಧಾನದ ಮನುಷ್ಯ. ಗಡ್ಡೆಯ ಕಣಗಳೊಳಗೆ ಒಂದು ವೈರಸ್ಸೂ ಸಿಕ್ಕಿದೆ ಎಂದರು.

"ಹೆದರ್ಕೋಬೇಡಿ ಅಮ್ಮ. ಆ ವೈರಸ್ಸು ನನ್ನೊಳಗೂ ಇರುತ್ತೆ, ನಿಮ್ಮೊಳಗೂ ಇರುತ್ತೆ. ಚಿಕ್ಕಂದಿನಲ್ಲಿ ಬಂದು ಸುಮ್ಮನೆ ಮಲಗಿಬಿಡುತ್ತೆ. ಎಲ್ಲೋ ಒಬ್ಬರಲ್ಲಿ ಹೀಗಾಗುತ್ತೆ."

"ಇವರಿಗೇ ಯಾಕೆ ಸಾರ್?"

"ಗೊತ್ತಿಲ್ಲಮ್ಮ" ಎಂದರು. ದೊಡ್ಡ ಡಾಕ್ಟರೊಬ್ಬರು ಗೊತ್ತಿಲ್ಲ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಈ ಕಾಯಿಲೆ ಅಂಟುವಂಥದ್ದಲ್ಲ, ಮನೆಯಲ್ಲಿ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ, ಕೀಮೋ ಔಷಧಿ ಹಾಕಿದ ಮೇಲೆ ಹೊರಗಿನವರ ಜ್ವರ ನೆಗಡಿ ಇವರಿಗೆ ತಗಲದಂತೆ ನೋಡಿಕೊಳ್ಳಿ ಅಷ್ಟೆ ಎಂದೂ ಹೇಳಿದರು.

ಎಲ್ಲರಿಗೂ ಗೊತ್ತಿರುವ ಕಾಯಿಲೆ ಬಂದರೆ ಸಂಕಟ ಹಂಚಿಕೊಳ್ಳಲು ಜನ ಸಿಗುತ್ತಾರೆ. ನಮ್ಮ ಚಿಕ್ಕಮ್ಮನಿಗೂ ಆಗಿತ್ತು, ನಮ್ಮ ಬೀಗರಿಗೂ ಆಗಿತ್ತು, ಈಗ ಚೆನ್ನಾಗಿದ್ದಾರೆ ಅನ್ನುತ್ತಾರೆ. ನನಗೆ ಅಂಥವರು ಒಬ್ಬರೂ ಸಿಗಲಿಲ್ಲ. ಎಲ್ಲಿ ಕ್ಯಾನ್ಸರು ಎಂದು ಕೇಳಿದರೆ, ಕಿಡ್ನಿ ಮೇಲಿನ ಗ್ರಂಥಿ ಎನ್ನುತ್ತಿದ್ದೆ. ಕೇಳಿದವರಿಗೆ ಕಿಡ್ನಿ ಮಾತ್ರ ಕೇಳಿಸುತ್ತಿತ್ತು. ಕಿಡ್ನಿ ಅಂದ ಮೇಲೆ ನಮ್ಮವರ ಔಷಧಿ ಒಂದೇ, ಬಾಳೆದಿಂಡು. ಒಂದು ವಾರ ನಮ್ಮ ಮನೆಗೆ ಬಂದ ಬಾಳೆದಿಂಡಿನಲ್ಲಿ ಮದುವೆ ಚಪ್ಪರ ಹಾಕಬಹುದಿತ್ತು. "ಕಲ್ಲು ಕರಗ್ಸುತ್ತೆ, ಗಡ್ಡೆ ಯಾವ ಲೆಕ್ಕ?" ಎಂದು ಎದುರು ಮನೆಯ ಭಾಗ್ಯ ತಾನೇ ರಸ ತೆಗೆದು ತಂದಳು. ತಮ್ಮನ್ನು ಕೇಳದೆ ಏನನ್ನೂ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ಅವಳ ಮನಸ್ಸು ನೋಯದಿರಲೆಂದು ನಾನೇ ಕುಡಿದೆ.

ಆ ಭಾಗ್ಯಳ ಹತ್ತಿರವೇ ಒಂದು ದಿನ ಗೇಟಿನಲ್ಲಿ ನಿಂತು ಡಾಕ್ಟರು ಹೇಳಿದ್ದನ್ನೆಲ್ಲಾ ಹೇಳಿದೆ, ವೈರಸ್ಸಿನ ಮಾತೂ ಬಂತು. ಮಾತಾಡುತ್ತಾ ಅವಳು ಗೇಟಿನ ಮೇಲಿಟ್ಟಿದ್ದ ಕೈ ತೆಗೆದಳು. ಆ ಸಂಜೆಯೊಳಗೆ ಬೀದಿಗೆಲ್ಲಾ ಗೊತ್ತಾಯಿತು. ಕೊರೋನ ನೋಡಿ ಬೆದರಿದ ಜನ, ಆ ಒಂದು ಪದ ಸಾಕಾಯಿತು. ಯಾರೂ ಕೆಟ್ಟವರಲ್ಲ. ಸಾರಿನ ಕ್ಯಾರಿಯರ್ ತಂದು ಕಾಂಪೌಂಡಿನ ಮೇಲಿಟ್ಟು, ಗೇಟು ತಟ್ಟಿ, ನಾನು ಹೊರಗೆ ಬರುವಷ್ಟರಲ್ಲಿ ರಸ್ತೆಯ ಆ ಬದಿಗೆ ಹೋಗಿ ಅಲ್ಲಿಂದ ಕೇಳುತ್ತಿದ್ದರು, "ಹೆಂಗವ್ರೆ?"

"ಪರವಾಗಿಲ್ಲ" ಎಂದು ನಾನು ಇಲ್ಲಿಂದ ಕೂಗುತ್ತಿದ್ದೆ.

ಆಯುಧಪೂಜೆಯ ದಿನ ಇವರು ಔಷಧಿಯ ಸುಸ್ತಿನಲ್ಲಿ ಮಲಗಿದ್ದರು. ಮುಚ್ಚಿದ್ದ ಮಿಲ್ಲಿನ ಷಟರ್ ಎತ್ತಿ, ಮೆಷಿನ್ನು ತೊಳೆದು, ವಿಭೂತಿ ಬಳಿದು, ಹೂ ಹಾಕಿ, ಬೂದುಗುಂಬಳ ನಾನೇ ನಿವಾಳಿಸಿ ಒಡೆದೆ. ಮೊದಲ ಏಟಿಗೆ ಒಡೆಯಲಿಲ್ಲ, ಹೆಂಗಸಿನ ಕೈ. ಪ್ರತಿ ವರ್ಷ ಕಡ್ಲೆಪುರಿಗೆ ನೂಕುನುಗ್ಗಲಾಗುತ್ತಿದ್ದ ಜಾಗ. ಚೀಲ ತುಂಬಾ ಪುರಿ ಇಟ್ಟುಕೊಂಡು ಕೂತೆ, ಯಾರೂ ಬರಲಿಲ್ಲ. ಹೊತ್ತು ಇಳಿಯುವಾಗ ಮೇಲಿನಿಂದ ರೇಣುಕಾ ಬಂದಳು. ಗದಗದ ಕಡೆಯ ಹುಡುಗಿ, ಆಗಿನ್ನೂ ಬಾಡಿಗೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ, ಬಿ.ಟಿ.ಎಂ. ಕಡೆ ಆಫೀಸಿಗೆ ಹೋಗುತ್ತಿದ್ದಳು.

"ಅಕ್ಕಾರ, ನಮಗ ಚುರುಮುರಿ ಇಲ್ಲೇನ್ರಿ?"

"ನಿಂಗೆ ಹೆದ್ರಿಕೆ ಇಲ್ವೇನಮ್ಮ?"

"ಏ, ಬಸ್ಸಿನ್ಯಾಗ ದಿನಾ ಎಷ್ಟು ಮಂದಿ ಮೈಮ್ಯಾಲ ಕೆಮ್ಮತಾರ, ಅದಕ್ಕ ಹೆದರಾಕ ನನಗ ಪುರಸತ್ತಿಲ್ರಿ" ಎಂದು ಮಡಿಲೊಡ್ಡಿದಳು. ಆದರೆ ಅವಳು ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಅಷ್ಟು ಹೊತ್ತೂ ಮನೆಯಲ್ಲಿ ನಾವಿಬ್ಬರೇ, ಮಿಲ್ಲಿನ ಸದ್ದೂ ಇಲ್ಲ. ಮದುವೆಯಾದಾಗಿನಿಂದ ಆ ಬೆಲ್ಟಿನ ಸದ್ದಿನ ಮೇಲೆ ಕಿರುಚಿ ಮಾತಾಡಿ ರೂಢಿಯಾಗಿದ್ದ ನಾವು, ಸದ್ದಿಲ್ಲದ ಮನೆಯಲ್ಲಿ ಎಷ್ಟು ದನಿಯಲ್ಲಿ ಮಾತಾಡಬೇಕೆಂದು ತಿಳಿಯದೆ ಸುಮ್ಮನಿದ್ದುಬಿಡುತ್ತಿದ್ದೆವು.

ಮಾತು ಬಂದರೆ ಒಂದೇ. ಪ್ರತಿ ಸಲ ಔಷಧಿ ಹಾಕಿಸಿಕೊಂಡು ಮನೆಗೆ ಬಂದು ಮಂಚಕ್ಕೆ ಒರಗಿದ ಕೂಡಲೇ ಕೇಳುತ್ತಿದ್ದರು. "ಅಕ್ಕ ಬಂದಿದ್ಲಾ?"

ನಾನು ಫೋನ್ ಮಾಡುತ್ತಲೇ ಇದ್ದೆ. ಅವರ ಮಗ ಮಂಜು ಎತ್ತುತ್ತಿದ್ದ. "ಅಮ್ಮಂಗೆ ಮಂಡಿನೋವು ಅತ್ತೆ." "ಅಮ್ಮ ಮಲಗವ್ಳೆ ಅತ್ತೆ." ಹಿಂದೆ ಸೊಸೆಯ ದನಿ, ಮನೇಲಿ ಮಗು ಇದೆ ಅಂತ ಹೇಳ್ರೀ ಎಂದು. ದೀಪಾವಳಿ ಕಳೆದ ಮೇಲೆ ಒಂದು ದಿನ ನಾನೇ ಆಟೋ ಹತ್ತಿ ಸುಬ್ರಹ್ಮಣ್ಯಪುರಕ್ಕೆ ಹೋದೆ. ಸೊಸೆ ಕಾಫಿಯನ್ನು ಪೇಪರ್ ಲೋಟದಲ್ಲಿ ತಂದುಕೊಟ್ಟಳು. ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು. "ಅತ್ತಿಗೆ, ಅವ್ರು ದಿನಾ ನಿಮ್ಮನ್ನ ಕೇಳ್ತಾರೆ" ಎಂದು ಬಾಗಿಲಿಗೇ ಹೇಳಿದೆ. ಒಳಗೆ ಬಳೆ ಸದ್ದಾಯಿತು, ಬಾಗಿಲು ತೆರೆಯಲಿಲ್ಲ. ಎತ್ತಿ ಆಡಿಸಿದ ತಮ್ಮನಿಗಿಂತ ಜೀವಭಯ ಹೆಚ್ಚಾಯಿತೇ ಎಂದು ಬರುವ ದಾರಿಯೆಲ್ಲಾ ಕಣ್ಣೊರೆಸಿಕೊಂಡೆ. ಇವರಿಗೆ ಮಾತ್ರ ಮಂಡಿನೋವೆಂದೇ ಹೇಳಿದೆ.

ಚಳಿಗಾಲ ಶುರುವಾಗುವಾಗ ಮಾಡಿದ ಸ್ಕ್ಯಾನಿನಲ್ಲಿ ಗಡ್ಡೆಗಳು ಕರಗಿದ್ದವು. ಡಾಕ್ಟರು ನಕ್ಕರು, ಇವರೂ ನಕ್ಕರು. ಇವರಿಗೆ ಬಾಟಲಿ ಏರಿಸಿ ಮಲಗಿಸಿದ ಮೇಲೆ ನಾನು ಹೊರಗೆ ಬಂದು ಫೋನು ಕೈಯಲ್ಲಿ ಹಿಡಿದು ನಿಂತೆ. ಯಾರಿಗೆ ಹೇಳುವುದು? ಎದುರಿನ ಹೋಟೆಲಿನಲ್ಲಿ ಒಬ್ಬಳೇ ಕೂತು ಖಾಲಿ ದೋಸೆ ತಿಂದೆ. ಬಿಲ್ಲು ತಂದವನಿಗೆ "ನಮ್ಮನೆಯವರಿಗೆ ವಾಸಿಯಾಗ್ತಿದೆಯಪ್ಪ" ಎಂದೆ. "ಒಳ್ಳೇದಾಯ್ತು ಆಂಟಿ" ಎಂದು ಅವನು ಪಕ್ಕದ ಟೇಬಲ್ ಒರೆಸಿದ.

ಬೆಳಗ್ಗೆ, ಮಧ್ಯಾಹ್ನ, ಸಂಜೆ ಸ್ಟೀರಾಯ್ಡ್ ಮಾತ್ರೆ ಕೊಡುವುದು ನನ್ನ ಕೆಲಸ. ಒಂದು ಹೊತ್ತು ತಪ್ಪಿದರೂ ಮೊದಲಿನಂತೆ ಕುಸಿಯಬಹುದು, ಜ್ವರ ಬಂದರೆ ಎರಡರಷ್ಟು ಕೊಟ್ಟು ಓಡಿ ಬರಬೇಕು ಎಂದು ಹೇಳಿದ್ದರು. ಹಾಗಾಗಿ ಇವರು ಮಲಗಿದ ಮೇಲೆಯೇ ನಾನು ಮಲಗುತ್ತಿದ್ದೆ. ಮಲಗಿದರೂ ಅರ್ಧ ಕಿವಿ ಅವರ ಉಸಿರಿನ ಮೇಲೆ. ಹಣೆ ಮುಟ್ಟಿ ನೋಡುವುದು, ಮತ್ತೆ ಒರಗುವುದು. ಇನ್ನೊಬ್ಬರಿಗೆ ವಹಿಸಿ ಕಣ್ಣು ಮುಚ್ಚೋಣವೆಂದರೆ ಇನ್ನೊಬ್ಬರು ಇರಲಿಲ್ಲ.

ಸಂಕ್ರಾಂತಿ ಹತ್ತಿರವಾದಾಗ ಇವರಿಗೆ ಒಂದು ಇದ್ದದ್ದು ಎರಡಾಗಿ ಕಾಣತೊಡಗಿತು. "ಏನೇ, ನೀನು ಇಬ್ಬರಾಗಿದೀಯಲ್ಲ, ಒಬ್ಬಳನ್ನೇ ಸಾಕೋಕಾಗಲ್ಲ" ಎಂದು ತಮಾಷೆ ಮಾಡಿದರು. ಆಮೇಲೆ ತಲೆನೋವು ಬಂತು. ಹೊಟ್ಟೆಯಲ್ಲಿ ಕರಗಿದ್ದು ತಲೆಗೆ ಹೋಗಿತ್ತು. ಇನ್ನೂ ಗಟ್ಟಿ ಔಷಧಿ ಇದೆ, ಹಾಕಬಹುದು, ಆದರೆ ಮೈ ತಡೆಯುತ್ತದೆಂದು ಹೇಳಲಾರೆ ಎಂದು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು. ಇವರು ಅಂಗೈ ನೋಡಿಕೊಂಡು, "ಮನೆಗೆ ಹೋಗಣ ನಡಿ ಸರೋಜ. ಇರೋಗಂಟ ಇರ್ತೀನಿ. ಅಕ್ಕನ್ನ ಒಂದ್ಸಲ ನೋಡ್ಬೇಕು" ಎಂದರು.

ಯುಗಾದಿಯವರೆಗೆ ಅವರು ಇರಲಿಲ್ಲ. ಕೊನೆಯ ದಿನಗಳನ್ನು ಬರೆಯುವ ಮನಸ್ಸಿಲ್ಲ. ಅತ್ತಿಗೆ ಬಂದ ದಿನವನ್ನು ಮಾತ್ರ ಬರೆಯುತ್ತೇನೆ.

ಮನೆಗೆ ಬಂದ ಮಾರನೆಯ ಬೆಳಗ್ಗೆ ಫೋನು ನನ್ನ ಕೈಯಿಂದ ತಾವೇ ಇಸಿದುಕೊಂಡು, ಮಂಜು ಮಾತಾಡುವ ಮೊದಲೇ, "ಲೋ, ಫೋನ್ ನಿಮ್ಮಮ್ಮನ ಕಿವಿಗಿಡೋ" ಎಂದರು. ಆಮೇಲೆ, "ಅಕ್ಕ, ಅವರೆಕಾಯಿ ಮುಗಿಯಕ್ ಬಂತು. ಈ ಸಲ ಹಿತಕಿದಬೇಳೆ ತಿಂದೇ ಇಲ್ಲ. ಸರೋಜ ಒಬ್ಬಳಿಗೇ ಹಿತುಕಕ್ಕಾಗಲ್ಲ, ಬಾ" ಎಂದು ಇಟ್ಟುಬಿಟ್ಟರು.

ಮಧ್ಯಾಹ್ನಕ್ಕೆ ಮುಂಚೆ ಆಟೋ ನಿಂತಿತು. ಅತ್ತಿಗೆ ಒಬ್ಬರೇ, ಕೈಯಲ್ಲಿ ಅವರೆಕಾಯಿ ಚೀಲ. ಬಾಗಿಲ ಹೊರಗೇ ನಿಂತರು. ಇಳಿದುಹೋಗಿದ್ದರು. ಇವರು ಮಂಚದಿಂದಲೇ ಕೂಗಿದರು, "ಏನು, ಬಾಗ್ಲಲ್ಲೇ ನಿಂತೆ? ವೈರಸ್ಸಿಗೆ ಹೆದರ್ಕೊಂಡ್ಯಾ?"

ಅಷ್ಟಕ್ಕೇ ಅವರು ಚೀಲ ಎಸೆದು ಒಳಗೆ ಬಂದು ತಮ್ಮನ ಕಾಲ ಬಳಿ ಕುಸಿದರು. "ಅದ್ಯಾವ್ ವೈರಸ್ಸಾದ್ರೆ ನಂಗೇನೋ? ಬರ್ಲಿ ಬಿಡು. ಉಪ್ಪು ಬಿಡ್ಸಿದ್ದು ನಾನು. ನನ್ ಕೈಯಾರೆ ನಿನ್ನ ಸಾಯ್ಸಕ್ಕೆ ಹೋಗಿದ್ನಲ್ಲೋ. ಆ ಡಾಕ್ಟ್ರಮ್ಮ ಹೇಳಿದ್ನ ಕೇಳಿಸ್ಕೊಂಡ್ಮೇಲೆ ಯಾವ್ ಮುಖ ಇಟ್ಕೊಂಡ್ ಬರ್ಲಿ?"

ಇಷ್ಟು ತಿಂಗಳು ನಾನು ಭಯವೆಂದುಕೊಂಡದ್ದು ಭಯವಾಗಿರಲಿಲ್ಲ.

ಇವರು ನಿಧಾನಕ್ಕೆ, ಪದ ಹುಡುಕಿ ಹುಡುಕಿ ಹೇಳಿದರು. "ಥೂ, ದಡ್ಡಿ. ಗಡ್ಡೆ ಬೆಳ್ದಿದ್ದು ಉಪ್ಪಿಂದ ಅಲ್ಲ ಕಣೆ, ಅದು ಮೊದ್ಲಿಂದ ಇತ್ತು. ನೀನು ಉಪ್ಪು ಬಿಡ್ಸಿದ್ದಕ್ಕೆ ಬಿದ್ದೆ. ಬಿದ್ದಿದ್ದಕ್ಕೆ ಕಾಯ್ಲೆ ಗೊತ್ತಾಯ್ತು. ಇಲ್ದಿದ್ರೆ ಆ ಟಾನಿಕ್ ಕುಡ್ಕೊಂಡು ಗಣೇಶನ್ ಜೊತೇಲೇ ಕೆರೆಗೆ ಹೋಗ್ತಿದ್ದೆ. ಇಷ್ಟ್ ದಿನ ಇದ್ನಲ್ಲ, ಅದು ನೀನ್ ಕೊಟ್ಟಿದ್ದು."

"ನಿಜ ಏನೇ ಸರೋಜ?" ಎಂದು ಅತ್ತಿಗೆ ನನ್ನ ಕಡೆ ತಿರುಗಿದರು. ಡಾಕ್ಟರು ಹಾಗೆಯೇ ಹೇಳಿದ್ದರೋ ಇಲ್ಲವೋ, ನನಗೆ ಅಂದು ಆ ಲೆಕ್ಕ ಬೇಕಿರಲಿಲ್ಲ. ಕಾಯಿಲೆ ಮೊದಲೇ ಇದ್ದದ್ದಂತೂ ಸತ್ಯ. "ನಿಜ ಅತ್ತಿಗೆ" ಎಂದೆ.

ಅವರು ಮೂಗು ಸೀಟಿಕೊಂಡು ಎದ್ದು, ಚೆಲ್ಲಿದ ಅವರೆಕಾಯಿ ಆರಿಸಿ, ಮಂಚದ ಪಕ್ಕದಲ್ಲೇ ಮೊರ ಇಟ್ಟುಕೊಂಡು ಕೂತರು. ನಾನು ಕಾಳು ಬಿಡಿಸಿದೆ, ನೆನೆದ ಮೇಲೆ ಅವರು ಹಿತುಕಿದರು. ಒಂದೊಂದು ಬೇಳೆ ಚಿಮ್ಮಿ ತಮ್ಮನ ಹೊದಿಕೆ ಮೇಲೆ ಬೀಳುತ್ತಿತ್ತು. ಸಂಜೆಗೆ ಸ್ನಾನದ ನೀರು ಕಾಯಿಸಿ, ನನ್ನನ್ನು ಆಚೆ ತಳ್ಳಿ, ತಾವೇ ಅವರ ಬೆನ್ನು ಉಜ್ಜಿದರು. ಹೊರಗೆ ಭಾಗ್ಯ ತನ್ನ ಗೇಟಿನಲ್ಲಿ ನಿಂತು ನೋಡುತ್ತಿದ್ದಳು. "ಏನಮ್ಮ ಅಲ್ಲೇ ನಿಂತಿದೀಯ, ಬಾ, ಸಾರು ಇಸ್ಕೊಂಡ್ ಹೋಗು" ಎಂದು ಅತ್ತಿಗೆ ಗದರಿದರು. ಅವಳು ಬಟ್ಟಲು ತಂದಳು.

ಅಂದು ರಾಗಿಮುದ್ದೆ, ಹಿತಕಿದಬೇಳೆ ಸಾರು, ಒಂದು ಹಿಡಿ ಅನ್ನ, ಮಜ್ಜಿಗೆ. ಇವರು ಮುದ್ದೆಯಲ್ಲಿ ಅರ್ಧ ಮುರಿದು ಅಕ್ಕನ ತಟ್ಟೆಗೆ ಹಾಕಿದರು. ಅವರು ಅದನ್ನೇ ಮೊದಲು ನುಂಗಿದರು. ಮಾತ್ರೆ ಕೊಟ್ಟೆ. ಅತ್ತಿಗೆ ಮಂಚದ ಕೆಳಗೆ ಚಾಪೆ ಹಾಸಿಕೊಂಡು, ಇವರ ಹಣೆ ಮೇಲೆ ಕೈಯಿಟ್ಟು ಕೂತು, ಹೊಲ ಇದ್ದಾಗಿನ ಯಾವುದೋ ನಾಯಿಯ ವಿಷಯ ತೆಗೆದರು. ಅದು ಕಚ್ಚಿದ್ದು ಯಾರನ್ನು ಎಂದು ಅಕ್ಕ ತಮ್ಮನಿಗೆ ವಾದ ಹತ್ತಿತು. ನಾನು ಗೋಡೆಯ ಕಡೆ ಮಗ್ಗುಲಾಗಿ ಕೇಳುತ್ತಾ ಇದ್ದೆ. ಅಂದು ಮೊದಲು ನಿದ್ದೆ ಹೋದವಳು ನಾನು. ಅವರಿಬ್ಬರೂ ಯಾವಾಗ ಮಲಗಿದರೋ ಗೊತ್ತಿಲ್ಲ.